ತೂಕ ಇಳಿಸಿದ ಮೇಲೆ ಕುಡಿದದ್ದು

ನನ್ನ ತಮ್ಮ ಪುತ್ತೂರು ಪೇಟೆಯ ದರ್ಬೆಯಲ್ಲಿ ಒಂದು ಟಯರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಭಾನುವಾರ ಬಂತೆಂದರೆ ಯಾವುದಾದರೂ ಊರಿನ ಮೈದಾನದಲ್ಲಿ ಹಗ್ಗಜಗ್ಗಾಟ. ನಮ್ಮ ಕಡೆ ಈ ಪಂದ್ಯ ತೂಕದ ಲೆಕ್ಕದಲ್ಲಿ ನಡೆಯುತ್ತದೆ. ತಂಡದವರೆಲ್ಲರ ತೂಕ ಕೂಡಿಸಿದರೆ ಇಷ್ಟೇ ಕಿಲೋ ಇರಬೇಕು. ಗುಲಗಂಜಿಯಷ್ಟು ಹೆಚ್ಚಾದರೂ ಇಡೀ ತಂಡ ಹೊರಗೆ. ಹಾಗಾಗಿ ಹಿಂದಿನ ದಿನ ಇವರದು ಏಕಾದಶಿ. ಅನ್ನ ಇಲ್ಲ, ನೀರೂ ಇಲ್ಲ. ಉರಿಬಿಸಿಲಲ್ಲಿ ಜಾಕೆಟ್ ಹಾಕಿಕೊಂಡು ಓಡಿ ಬೆವರಿಳಿಸುವುದು. ತೂಕ ನೋಡಿಸಿಕೊಂಡ ಕೂಡಲೇ ಶಕ್ತಿ ಬರಲೆಂದು ಎನರ್ಜಿ ಡ್ರಿಂಕ್, ಕ್ಯಾನಿನ ಮೇಲೆ ಕ್ಯಾನ್. ಅದೇ ಹೊಟ್ಟೆಯಲ್ಲಿ ಹಗ್ಗಕ್ಕೆ ಇಳಿಯುವುದು.

"ಅದ್ರ ಬದ್ಲು ಒಂದು ಲೋಟ ಗಂಜಿತಿಳಿ ಕುಡಿ ಮಾರಾಯ" ಎಂದು ನಾನು ಬೈಯದ ವಾರವಿಲ್ಲ.

"ಗಂಜಿ ಕುಡಿದು ಹಗ್ಗ ಎಳಿಲಿಕ್ಕೆ ಆಗುದಿಲ್ಲ ಅಕ್ಕ, ನಿದ್ರೆ ಬರ್ತದೆ" ಎಂದು ನಗುತ್ತಿದ್ದ. ನನ್ನ ಮಾತು ಅವನಿಗೆ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಕಡಬದ ಪಂದ್ಯಕ್ಕೆ ನಾನೂ ಹೋಗಿದ್ದೆ. ಸೆಮಿಫೈನಲ್ ಗೆದ್ದು ಹಗ್ಗ ಬಿಟ್ಟವನು ಎದೆ ಹಿಡಿದುಕೊಂಡು ಕುಳಿತ, ಹಾಗೆಯೇ ಮಣ್ಣಿಗೆ ವಾಲಿದ. ತಂಡದ ನಾಯಕ ಓಡಿ ಬಂದ. ಕೆಟ್ಟವನಲ್ಲ, ತಮ್ಮನಿಗೆ ಜೀವ ಕೊಡುವ ಗೆಳೆಯ.

"ಹೆದರ್ಬೇಡಿ ಅಕ್ಕ, ಸುಸ್ತು ಅಷ್ಟೆ. ಇದು ಒಳಗೆ ಹೋದ್ರೆ ಏಳ್ತಾನೆ" ಎಂದವನೇ ಇನ್ನೊಂದು ಕ್ಯಾನ್ ತೆರೆದು ತಮ್ಮನ ಬಾಯಿಗೆ ಹೊಯ್ದ. ಬೇಡ ಬೇಡ ಎಂದು ನಾನು ಕೂಗುವಷ್ಟರಲ್ಲಿ ಅರ್ಧ ಗಂಟಲಿಗೆ ಇಳಿದಿತ್ತು, ಅರ್ಧ ಕುತ್ತಿಗೆಗೆ ಹರಿದಿತ್ತು. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದನ್ನು ಕಣ್ಣಾರೆ ಕಂಡೆ.

ಪುತ್ತೂರಿಗೆ ಜೀಪಿನಲ್ಲಿ ಹೊರಟೆವು. ಅವನ ತಲೆ ನನ್ನ ತೊಡೆಯ ಮೇಲಿತ್ತು. ಎದೆಗೆ ಕೈಯಿಟ್ಟರೆ ಒಳಗೆ ಕೋಳಿ ರೆಕ್ಕೆ ಬಡಿದ ಹಾಗೆ ಪಟಪಟ. ನಡುನಡುವೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ಅವನ ಹೆಸರು ಹಿಡಿದು ಕೂಗುತ್ತಿದ್ದೆ. ಡ್ರೈವರಿಗೆ ಬೈದೆ, ಎದುರು ಬಂದ ಬಸ್ಸಿಗೆ ಬೈದೆ, ಮನೆಯ ದೈವಕ್ಕೆ ಹರಕೆ ಹೇಳಿಕೊಂಡು ಆಮೇಲೆ ಅದಕ್ಕೂ ಬೈದೆ.

ಆಸ್ಪತ್ರೆಯಲ್ಲಿ ಡಾಕ್ಟರು ಏನು ಕುಡಿದಿದ್ದ ಎಂದು ಕೇಳಿದರು. ನಾಯಕ ಮೆಲ್ಲಗೆ, "ಜ್ಯೂಸಿನ ಹಾಗಿನದ್ದು ಸರ್, ಅಂಗಡಿಯಲ್ಲೇ ಸಿಗ್ತದೆ" ಎಂದ.

"ಮೈಯಲ್ಲಿ ನೀರಿಲ್ಲ, ಹೊಟ್ಟೆ ಖಾಲಿ. ಅದರ ಮೇಲೆ ಅಷ್ಟು ಕೆಫೀನ್, ಅದರ ಮೇಲೆ ಹಗ್ಗ ಎಳೆದದ್ದು. ಹೃದಯದ ಬಡಿತ ದಾರಿ ತಪ್ಪಿದೆ. ಈಗ ಎಂತದೂ ಹೇಳ್ಲಿಕ್ಕೆ ಆಗುದಿಲ್ಲಮ್ಮ" ಎಂದು ಅವರು ಒಳಗೆ ಹೋದರು. ಐಸಿಯು ಬಾಗಿಲ ಹೊರಗೆ ನಿಂತು ನಾನು ಅವರ ಆ ಕೊನೆಯ ಮಾತನ್ನೇ ಮತ್ತೆ ಮತ್ತೆ ಮೆಲುಕು ಹಾಕಿದೆ. ಕೂರಲಾಗಲಿಲ್ಲ. ನಾಯಕ ಹತ್ತಿರ ಬಂದರೆ ಹೊಡೆಯಬೇಕೆನಿಸುತ್ತಿತ್ತು; ಅವನು ಅಳುತ್ತಿದ್ದ, ಹೊಡೆಯಲೂ ಆಗಲಿಲ್ಲ.

ಬದುಕಿದ. ಬಡಿತ ಹದಕ್ಕೆ ಬಂತು. ಡಾಕ್ಟರು ಅವನ ಎದುರಿಗೇ ಹೇಳಿದರು, ಇನ್ನು ಹಗ್ಗವೂ ಬೇಡ, ಆ ಕ್ಯಾನೂ ಬೇಡ, ಇನ್ನೊಮ್ಮೆ ಹೀಗಾದರೆ ನಮ್ಮ ಕೈಯಲ್ಲಿಲ್ಲ ಎಂದು. ತಮ್ಮ ಹೂಂ ಎಂದು ಗೋಣು ಆಡಿಸಿದ.

ಅಮ್ಮನಿಗೆ ಬಿ.ಪಿ. ಉಂಟು. ಅವಳು ಹೆದರಿಯಾಳೆಂದು, ಬಿಸಿಲಿಗೆ ತಲೆ ತಿರುಗಿ ಬಿದ್ದ ಎಂದಷ್ಟೇ ಹೇಳಿದ್ದೆವು. ವಾರ್ಡಿಗೆ ಹಾಕಿದ ಮೇಲೆ ನೋಡಲು ಬಂದವರೆಲ್ಲ ವಾಡಿಕೆಯಂತೆ ಕಿತ್ತಳೆ, ಬಿಸ್ಕೆಟ್, ಹಾರ್ಲಿಕ್ಸ್ ತಂದಿಟ್ಟು ಹೋದರು. ನಾನು ಮದ್ದು ತರಲು ಕೆಳಗಿಳಿದಿದ್ದೆ. ಮರಳಿ ಬಂದಾಗ ಅಮ್ಮ ಸ್ಟೀಲಿನ ಲೋಟಕ್ಕೆ ಏನನ್ನೋ ಬಗ್ಗಿಸುತ್ತಿದ್ದಳು. ಕೈಯಲ್ಲಿ ಅದೇ ಕ್ಯಾನ್. ಯಾರೋ ನೆಂಟರು ತಂದದ್ದಂತೆ.

"ಎಷ್ಟು ಸೊರಗಿದ್ದಾನೆ ನೋಡು. ಇದು ಶಕ್ತಿಗೆ ಒಳ್ಳೆದಂತೆ ಮಗಾ" ಎಂದಳು.

ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಮಂಚದ ಮೇಲಿದ್ದ. ಲೋಟಕ್ಕೆ ಕೈ ಚಾಚಿದ್ದ.

ನಾನು ಲೋಟವನ್ನು ತಟ್ಟಿ ಕೆಡವಿದೆ. ಅಮ್ಮ ಬೆಚ್ಚಿ ಹಿಂದೆ ಸರಿದಳು. ನಾನು ಮಂಚದ ಕಂಬಿ ಹಿಡಿದು ನೆಲದಲ್ಲೇ ಕುಸಿದು, ಮರ್ಯಾದೆ ಬಿಟ್ಟು ಗೋಳೋ ಎಂದು ಅತ್ತೆ.

"ಯಾಕೆ ಅಳುದು ಅಕ್ಕ?" ಎಂದ ತಮ್ಮ, ನಿಜಕ್ಕೂ ಅರ್ಥವಾಗದವನ ಹಾಗೆ. "ಬೇಗ ಏಳ್ಬೇಡ್ವಾ ನಾನು? ಬರುವ ತಿಂಗಳು ಸುಳ್ಯದಲ್ಲಿ ಮ್ಯಾಚ್ ಉಂಟು."