ಬಾಣಂತಿ ಬೆಕ್ಕಿನ ಊಟ

ನರಗುಂದ ಇನ್ನೂ ಸಂಸ್ಥಾನವಾಗಿದ್ದ ಕಾಲದಲ್ಲಿ ಆ ಊರಿನಿಂದ ಅಬ್ಬಿಗೇರಿಗೆ ಸೊಸೆಯಾಗಿ ಬಂದವಳು ಗೌರವ್ವ. ಗಂಡ ತೋಟಪ್ಪ ಅರಳೆ ವ್ಯಾಪಾರಿ. ಅವನು ಗಜೇಂದ್ರಗಡದ ಪೇಟೆಗೆ ಗಾಡಿ ಹೂಡಿದನೆಂದರೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ, ಹಿತ್ತಿಲಲ್ಲಿ ಒಬ್ಬ ಆಳು. ಗೌರವ್ವನ ಮೊದಲ ಕೂಸು ಹೆಸರಿಡುವ ಮುನ್ನವೇ ತೀರಿಹೋಗಿತ್ತು. ಎರಡನೆಯದು ಹುಟ್ಟಿದ ಮೇಲೆ ಅವಳ ಜೀವಕ್ಕೆ ನೆಮ್ಮದಿಯೆಂಬುದೇ ಇಲ್ಲ. ಮಗು ಸುಮ್ಮನೆ ಮಲಗಿದರೂ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವಳು.

"ಮಲಗಿದ ಕೂಸಿನ್ನ ಎಬ್ಬಿಸಿ, ಮಲಗೀದ್ಯೋ ಇಲ್ಲೋ ಅಂತ ಕೇಳಾಕಿ ನೀ!" ಎಂದು ಅತ್ತೆ ಬಾಳವ್ವ ಚೇಷ್ಟೆ ಮಾಡುವಳು.

ಮನೆಯ ಬೆಕ್ಕು ಬೆಳ್ಳಿಯೂ ಅದೇ ದಿನಗಳಲ್ಲಿ ಬಾಣಂತಿಕೋಣೆಯ ಮೂಲೆಯ ಬುಟ್ಟಿಯಲ್ಲಿ ಮೂರು ಮರಿ ಹಾಕಿತ್ತು. ಲಿಂಗಪೂಜೆಯ ಮನೆ. ಬೆಕ್ಕು ಇಲಿ ಕಚ್ಚಿ ತಂದು ತೊಟ್ಟಿಲ ಕೆಳಗೆ ಹಾಕೀತೆಂದು ಗೌರವ್ವನಿಗೆ ಹೇಸಿಕೆ, ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ಕಾಳು ತುಂಬಿ ಇಲಿ ಸೇರಿದ್ದ ಕಣಜದ ಕೋಣೆಗೆ ಅಗಳಿ ಹಾಕಿಸಿದಳು; ಬೆಕ್ಕನ್ನು ಅಂಗಳಕ್ಕೂ ಬಿಡಲಿಲ್ಲ. ಎರಡು ಹೊತ್ತೂ ಮಜ್ಜಿಗೆಯಲ್ಲಿ ಜೋಳದ ರೊಟ್ಟಿ ನೆನೆಸಿ ಇಡುವಳು. ಬೆಳ್ಳಿ ಮೂಸಿ ನೋಡಿ, ಒಂದಿಷ್ಟು ನೆಕ್ಕಿ ಹೋಗುತ್ತಿತ್ತು.

"ನಮ್ಮ ಬೆಳ್ಳಿ ಶರಣಿ ಆಗ್ಯಾಳ್ರಿ ಅತ್ತಿ, ಇಲಿ ಬಿಟ್ಟಾಳ!" ಎಂದು ಹೆಮ್ಮೆಪಡುವಳು.

ಬೆಕ್ಕಿನ ಬೆನ್ನುಮೂಳೆ ಎದ್ದಿತು, ಕೂದಲು ಉದುರಿತು. ಹೆತ್ತ ಮೈ ಹೀಗೇ ಇರುತ್ತದೆ ಎಂದುಕೊಂಡಳು ಗೌರವ್ವ.

ಒಂದು ಮುಂಜಾನೆ ಕೂಸಿಗೆ ಮೊಲೆಯೂಡಿಸಿ ಮಲಗಿಸುವಾಗ ಬುಟ್ಟಿಯ ಕಡೆಯಿಂದ ಕರಕರ ಸದ್ದು ಕೇಳಿಸಿತು. ಬಗ್ಗಿ ನೋಡಿದಳು. ಬೆಳ್ಳಿಯ ಬಾಯಲ್ಲಿ ಮರಿ. ಬೇರೆ ಜಾಗಕ್ಕೆ ಒಯ್ಯುತ್ತಿದೆ ಎಂದುಕೊಂಡಳು. ಮರಿಗೆ ತಲೆ ಇರಲಿಲ್ಲ.

ಮಗುವನ್ನು ಎದೆಗೆ ಅವುಚಿಕೊಂಡು ಗೋಡೆಗೆ ಅಂಟಿ ನಿಂತಳು. ಕೂಸಿನ ಅಳು ಕೇಳಿ ಓಡಿಬಂದ ಬಾಳವ್ವನೂ ಬಾಗಿಲಲ್ಲೇ ಕಲ್ಲಾದಳು.

"ಶಿವಶಿವಾ! ಹಡದದ್ದನ್ನ ತಿಂದಾಕಿ, ನಾಳೆ ತೊಟ್ಟಲಕ್ಕ ಬಾಯಿ ಹಾಕಲಾರದ ಬಿಟ್ಟಾಳೇನು? ಏ ಉಡಚಪ್ಪಾ, ಚೀಲ ತಗೊಂಡು ಬಾ! ಮರಿ ಸೈತ ತುಂಬಿ ಹಳ್ಳದಾಗ ಒಗದು ಬಾ!"

ಆಳು ಉಡಚಪ್ಪ ಗೋಣಿಚೀಲ ಹಿಡಿದು ಬಂದ. "ಹಳ್ಳದಾಗ ನಾಯಿ ಭಾಳ ಅದಾವ್ರಿ ಅವ್ವಾರ. ಒಗದ್ರ ಮುಗದಂಗ."

"ಮುಗೀಲಿ!"

ಗೌರವ್ವನಿಗೂ ಅದೇ ಬೇಕಿತ್ತು. ಲಗೂನೆ ಒಯ್ಯಲಿ, ಕಣ್ಣಿಗೆ ಬೀಳದಿರಲಿ. ಆದರೆ ಉಳಿದೆರಡು ಮರಿಗಳು ತಾಯಿಯ ಮೊಲೆ ಹುಡುಕಿ, ಕಚ್ಚಿ, ಬಿಟ್ಟು, ಮತ್ತೆ ಹುಡುಕುತ್ತಿದ್ದವು. ಅಲ್ಲಿದ್ದದ್ದು ಜೋತುಬಿದ್ದ ಒಣ ತೊಗಲು. ಗೋಡೆಯ ಗೂಡಿನಲ್ಲಿ ಗೌರವ್ವನ ಊಟವಿತ್ತು: ತುಪ್ಪ ಸುರಿದ ಅಂಟಿನುಂಡೆ, ಅಳವಿ ಪಾಯಸ. ಎದೆಹಾಲು ಹೆಚ್ಚಲೆಂದು ಅತ್ತೆ ಮಾಡಿಟ್ಟದ್ದು. ಅದರ ಕೆಳಗೆ ನೆಲದ ಮೇಲೆ, ಬೆಕ್ಕಿಗಿಟ್ಟ ತೆಂಗಿನ ಪರಟೆಯಲ್ಲಿ, ಹುಳಿತು ನೊರೆಯೆದ್ದ ಮಜ್ಜಿಗೆ ರೊಟ್ಟಿ.

ಗೌರವ್ವ ಗೋಡೆ ಬಿಟ್ಟು ಮುಂದೆ ಬಂದಳು.

"ಅತ್ತಿ, ಇದು ನನ್ನ ಕೆಲಸರಿ."

"ಏನಂದಿ?"

"ನಾನ ಅದನ್ನ ಉಪವಾಸ ಕೆಡವೇನಿ. ಅದೂ ಬಾಣಂತಿ ಅಲ್ಲೇನ್ರಿ? ನನಗ ಬರೇ ಮಜ್ಜಿಗಿ ರೊಟ್ಟಿ ಹಾಕಿ, ಬಾಗಲಾ ಮುಚ್ಚಿ ಕುಂದರಿಸಿದ್ರ..."

"ಹುಚ್ಚಿ! ಬೆಕ್ಕಿಗೂ ನಿನಗೂ ಸರಿಗಟ್ಟತಿ? ಅದಕ್ಕೂ ಅಂಟಿನುಂಡಿ ಕಟ್ಟಲೇನು?"

"ಉಂಡಿ ಬ್ಯಾಡ್ರಿ. ಅದರ ಊಟ ಕಣಜದ ಕ್ವಾಣ್ಯಾಗ ಐತಿ."

ಬಾಳವ್ವನ ಮುಖ ಬಿಳಿಚಿತು. "ಪೂಜಿ ಮಾಡೋ ಮನಿಯಾಗ, ನಾವು ನೋಡಿ ನೋಡಿ..."

ಗೌರವ್ವ ಮಗುವನ್ನು ಅತ್ತೆಯ ಕೈಗಿತ್ತು, ಬಾಣಂತಿ ದಾಟಬಾರದ ಹೊಸ್ತಿಲು ದಾಟಿ, ಕಣಜದ ಕೋಣೆಯ ಅಗಳಿ ಸರಿಸಿದಳು. ಬೆಳ್ಳಿ ನಡುಗುವ ಕಾಲಲ್ಲಿ ಒಳಗೆ ನುಸುಳಿತು.

"ಚೀಲ ಇಡ್ಲ್ಯೋ, ಒಯ್ಯಲ್ಯೋ?" ಎಂದ ಉಡಚಪ್ಪ.

"ನಿಂದರು," ಎಂದಳು ಬಾಳವ್ವ.

ಒಳಗೆ ಏನೋ ಉರುಳಿತು, ಒಂದು ಕೀಚಲು ಸದ್ದು. ಬೆಳ್ಳಿ ದಪ್ಪ ಇಲಿಯೊಂದನ್ನು ಕಚ್ಚಿ ತಂದು, ಪಡಸಾಲೆಯ ನಟ್ಟನಡುವೆ ಕೂತು ಕಡಿಯತೊಡಗಿತು. ಮತ್ತೆ ಅದೇ ಕರಕರ. ಗೌರವ್ವ ಕಣ್ಣು ಮುಚ್ಚಿಕೊಂಡಳು; ಅಲ್ಲಿಂದ ಕದಲಲಿಲ್ಲ.

ಬಾಳವ್ವ ಕೂಸನ್ನು ಸೊಸೆಗೆ ಮರಳಿಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಿಲಿಗೆ ಹೋದಳು. ಬಂದಾಗ ಕೈಯಲ್ಲಿ ಸಗಣಿನೀರಿನ ಬೋಗುಣಿಯಿತ್ತು. ಉಡಚಪ್ಪ ಬೆಕ್ಕನ್ನು ಅಟ್ಟಲು ಕೈಯೆತ್ತಿದ.

"ಅಟ್ಟಬ್ಯಾಡೋ," ಎಂದಳು ಬಾಳವ್ವ, ಮುಖ ಅತ್ತ ತಿರುಗಿಸಿ. "ತಿಂದು ಮುಗಸಲಿ. ಆಮ್ಯಾಲೆ ಸಾರಸ್ತೀನಿ."