ದಕ್ಷಿಣಕ್ಕೆ ತಲೆ ಹಾಕಿದ ಗಿಟಾರು

ಮಿಕ್ಸಿಗೆ ತಲೆ ಯಾವುದು, ಕಾಲು ಯಾವುದು? ನಗಬೇಡಿ. ಶಿರಾಲಿಯಲ್ಲಿ ಹೆದ್ದಾರಿ ಬದಿಗೆ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಮಾಬ್ಲ ನಾಯ್ಕನಿಗೆ ಇದು ನಗುವ ವಿಷಯವೇ ಅಲ್ಲ. ಅವನ ಅಂಗಡಿಗೆ ಬಂದ ಯಾವ ಸಾಮಾನೂ ಉತ್ತರಕ್ಕೆ ತಲೆ ಹಾಕಿ ಮಲಗುವ ಹಾಗಿಲ್ಲ. ರೇಡಿಯೋ, ಇಸ್ತ್ರಿ ಪೆಟ್ಟಿಗೆ, ಟೇಬಲ್ ಫ್ಯಾನು, ನೀರಿನ ಪಂಪು, ಎಲ್ಲಕ್ಕೂ ಒಂದು ತಲೆ ಇದೆ. ಅದನ್ನು ಹುಡುಕಿ ದಕ್ಷಿಣಕ್ಕೋ ಪೂರ್ವಕ್ಕೋ ಮಾಡಿ ಮಲಗಿಸಿದ ಮೇಲೆಯೇ ಅವನು ಸ್ಕ್ರೂಡ್ರೈವರಿಗೆ ಕೈ ಹಾಕುವುದು. ಮೀನು ಮಾರುವ ದುರ್ಗಿ ಒಮ್ಮೆ ಕೆಟ್ಟ ಮಿಕ್ಸಿ ತಂದವಳು ಇದನ್ನು ನೋಡಿ, ಬುಟ್ಟಿ ಕೆಳಗಿಟ್ಟು ಜಗಳಕ್ಕೇ ನಿಂತಳು.

"ಜಾರು ಅಲ್ವಾ ತಲೆ? ಜಾರು ಮನೇಲಿ ಉಂಟು. ಇದು ಬರೀ ಮುಂಡ. ಮುಂಡಕ್ಕೆ ಎಂತ ದಿಕ್ಕು, ಮಾಬ್ಲಣ್ಣ?"

"ಜಾರು ಮುಂಡಾಸು, ಮಾರಾಯ್ತಿ. ತಲೆ ಇದು, ಈ ತಿರುಪು ಇದ್ದಲ್ಲಿ. ಬುದ್ಧಿ ಎಲ್ಲಿ ಉಂಟೋ ಅದೇ ತಲೆ."

"ಹಂಗಾರೆ ನಿಂಗೆ ತಲೆ ಎಲ್ಲಿ ಉಂಟು ಅಂತ ನಾ ಹುಡುಕೂಕೆ ಹೋಗೂದಿಲ್ಲ" ಎಂದು ದುರ್ಗಿ ಬುಟ್ಟಿ ಎತ್ತಿಕೊಂಡಳು. ಆದರೆ ಮಿಕ್ಸಿ ಮಾತ್ರ ಇವತ್ತಿಗೂ ಗರಗರ ತಿರುಗುತ್ತದೆ, ಅದನ್ನು ಅವಳೂ ಒಪ್ಪುತ್ತಾಳೆ. ಕೆಲಸದಲ್ಲಿ ಮಾಬ್ಲ ಗಟ್ಟಿಗ. ಹುಚ್ಚು ಒಂದೇ.

ಆ ಹುಚ್ಚಿಗೂ ಕಾರಣವಿತ್ತು. ಅವನ ಅಪ್ಪ ಒಂದು ಮಧ್ಯಾಹ್ನ ಬಂಗಡೆ ಸಾರಿನ ಊಟ ಹೊಡೆದು, ಜಗಲಿಯಲ್ಲಿ ಉತ್ತರಕ್ಕೆ ತಲೆ ಹಾಕಿ ಮಲಗಿದವನು ಎದ್ದಾಗ ಕುತ್ತಿಗೆ ಎಡಕ್ಕೆ ತಿರುಗಿಕೊಂಡಿತ್ತು. ಎಣ್ಣೆ ಹಚ್ಚಿದರು, ಹರಕೆ ಹೊತ್ತರು, ಕುತ್ತಿಗೆ ಮಾತ್ರ ಜಪ್ಪಯ್ಯ ಎಂದರೂ ತಿರುಗಲಿಲ್ಲ. ಸಾಯುವವರೆಗೂ ಅವನು ಪಕ್ಕದವರ ಗದ್ದೆ ನೋಡುತ್ತಲೇ ತನ್ನ ಗದ್ದೆ ಹೂಡಿದ. ಅದನ್ನು ಕಂಡು ಬೆಳೆದ ಮಾಬ್ಲನ ಹತ್ತಿರ ಯಾರಾದರೂ ದಿಕ್ಕಿನ ಬಗ್ಗೆ ವಾದಕ್ಕೆ ಬಂದರೆ ಅವನದ್ದು ಒಂದೇ ಪ್ರಶ್ನೆ: "ಉತ್ತರಕ್ಕೆ ತಲೆ ಹಾಕಿ ಮಲಗಿದ ಆನೆಗೆ ಎಂತ ಆತು? ಗಣಪತಿಗೆ ತಲೆ ಸಿಕ್ತು, ಸರಿ. ಆನೆಗೆ?"

ಈ "ಆನೆಗೆ?" ಎಂಬ ಪ್ರಶ್ನೆಗೆ ಶಿರಾಲಿಯಲ್ಲಿ ಯಾರೂ ಉತ್ತರ ಕೊಟ್ಟಿಲ್ಲ. ಹೆಂಡತಿ ಮಂಗಲಾ ವಾದ ಮಾಡುವುದನ್ನು ಮದುವೆಯಾದ ವರ್ಷವೇ ಬಿಟ್ಟಿದ್ದಳು. ಮಗಳು ಶ್ರೀಗೌರಿ ಬಿಟ್ಟಿರಲಿಲ್ಲ. ಅವಳು ಮುರ್ಡೇಶ್ವರದ ಸೊಸೈಟಿಯೊಂದಕ್ಕೆ ಕೆಲಸಕ್ಕೆ ಹೋಗುವ ಹುಡುಗಿ. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಅವಳ ಸ್ಕೂಟಿ ತಿರುಗಿ ನಿಂತಿರುತ್ತಿತ್ತು. ಕೇಳಿದರೆ ಅಪ್ಪ, "ನಿಂತದ್ದಕ್ಕೆ ದಿಕ್ಕಿಲ್ಲ ಮಗಾ. ಆದರೆ ನೀನು ಸೈಡ್ ಸ್ಟ್ಯಾಂಡ್ ಹಾಕ್ತೆ. ಅದು ಅರ್ಧ ಮಲಗಿದ ಹಂಗೇ ಅಲ್ವಾ?" ಅನ್ನುತ್ತಿದ್ದ. ಇದಕ್ಕೆ ರೋಸಿಹೋಗಿ ಅವಳು ತನ್ನ ಯಾವ ಸಾಮಾನನ್ನೂ ಅಪ್ಪನ ಕೈಗೆ ಕೊಡುವುದಿಲ್ಲ ಎಂದು ಶಪಥ ಮಾಡಿದ್ದಳು. ಮೊಬೈಲಿನ ಗಾಜು ಒಡೆದರೆ ಭಟ್ಕಳಕ್ಕೆ ಒಯ್ಯುತ್ತಿದ್ದಳು. ರಿಪೇರಿಯವನ ಮಗಳು ಬೇರೆ ಊರಲ್ಲಿ ರಿಪೇರಿ ಮಾಡಿಸುವುದೆಂದರೆ! ಮಾಬ್ಲ ಹೊರಗೆ ನಗುತ್ತಿದ್ದ, ಒಳಗೆ ಬಹಳ ನೋಯುತ್ತಿದ್ದ.

ಹಾಗಿದ್ದವಳು ಒಂದು ದಿನ ತಾನಾಗಿ ಅವನ ಮುಂದೆ ಗಿಟಾರು ತಂದಿಟ್ಟಳು. ಕರೆಂಟಿನ ಗಿಟಾರು. ಗೋವೆಯವನೊಬ್ಬನಿಂದ ಹಳೆಯದನ್ನು ಕೊಂಡು, ಮೊಬೈಲಿನಲ್ಲಿ ನೋಡಿ ನೋಡಿ ಕಲಿತಿದ್ದಳು. ಕುಮಟೆಯ ಗುರುದತ್ತ ಎಂಬವನು ಆರ್ಕೆಸ್ಟ್ರಾ ನಡೆಸುತ್ತಾನೆ. ಅವನ ಗಿಟಾರಿನವ ಮಸ್ಕತ್ತಿಗೆ ಹೋಗಿ ಜಾಗ ಖಾಲಿಯಾಗಿತ್ತು. "ಶಿರಾಲಿ ಗಣಪತಿ ಕಾರ್ಯಕ್ರಮದಲ್ಲಿ ಬಾರ್ಸಿ ತೋರ್ಸು. ಜನ ಒಪ್ಪಿದರೆ ನೀನು ನಮ್ಮವಳು" ಎಂದಿದ್ದ. ಶ್ರೀಗೌರಿಗೆ ಅನ್ನ ನೀರು ರುಚಿಸದಷ್ಟು ಆಸೆ. ಆದರೆ ಗಿಟಾರಿನ ಸ್ವರ ಕಿವಿಗೆ ಮೊಳೆ ಹೊಡೆದ ಹಾಗೆ ಬರುತ್ತಿತ್ತು.

ಗಿಟಾರಿನ ತಂತಿಗಳ ಕೆಳಗೆ ಬೆಂಕಿಪೊಟ್ಟಣಕ್ಕಿಂತ ತುಸು ಉದ್ದದ ಎರಡು ಪೆಟ್ಟಿಗೆಗಳಿರುತ್ತವೆ. ಅವಕ್ಕೆ ಪಿಕಪ್ಪು ಎನ್ನುತ್ತಾರೆ. ಒಂದು ಕುತ್ತಿಗೆ ಕಡೆಗೆ, ಇನ್ನೊಂದು ಬುಡದ ಕಡೆಗೆ. ಒಳಗೆ ಕೂದಲಿನಂಥ ತಾಮ್ರದ ತಂತಿಯ ಸುತ್ತು, ಅದರ ಅಡಿಗೆ ಪಟ್ಟಿಯಂಥ ಒಂದು ಅಯಸ್ಕಾಂತ. ಮೇಲೆ ತಂತಿ ನಡುಗಿದರೆ ಕೆಳಗಿನ ಸುತ್ತಿನಲ್ಲಿ ಕರೆಂಟು ಹುಟ್ಟಿ ಸ್ಪೀಕರಿಗೆ ಹೋಗುತ್ತದೆ. ಅಯಸ್ಕಾಂತ ಒರಟಾದರೆ ಸ್ವರವೂ ಒರಟು. ಶ್ರೀಗೌರಿ ಮೆತ್ತನೆ ಸ್ವರದ ಎರಡು ಹೊಸ ಅಯಸ್ಕಾಂತಗಳನ್ನು ಆನ್‌ಲೈನಿನಲ್ಲಿ ತರಿಸಿದ್ದಳು. ಇಷ್ಟು ನಾಜೂಕಿನ ಕೆಲಸಕ್ಕೆ ಭಟ್ಕಳದಲ್ಲಿ ಯಾರೂ ಒಪ್ಪಿರಲಿಲ್ಲ.

"ಅಪ್ಪಾ, ಹಳೇದು ಹೆಂಗೆ ಉಂಟೋ ಹಂಗೇ ಹೊಸಾದು ಹಾಕು. ದಿಕ್ಕು ನೋಡ್ಬೇಡ. ನನ್ನಾಣೆ."

"ಆತು ಮಗಾ" ಎಂದ ಮಾಬ್ಲ. ಖುಷಿಗೆ ಆಗಲೇ ಸ್ಕ್ರೂಡ್ರೈವರು ಹುಡುಕತೊಡಗಿದ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ. ತಿರುಪು ಬಿಚ್ಚಿ, ಮೇಣ ಕೆರೆದು, ಹಳೆಯ ಅಯಸ್ಕಾಂತ ಹೊರತೆಗೆಯುವವರೆಗೆ ಅವನು ಮಾತಿಗೆ ತಪ್ಪಲಿಲ್ಲ. ಆಮೇಲೆ ಯೋಚನೆ ಬಂತು. ಮಿಕ್ಸಿಗೆ ತಲೆ ಯಾವುದೆಂದು ವಾದ ಮಾಡಬಹುದು. ಅಯಸ್ಕಾಂತಕ್ಕೆ ವಾದವೇ ಇಲ್ಲ. ಅದಕ್ಕೆ ಉತ್ತರ ದಕ್ಷಿಣವನ್ನು ದೇವರೇ ಇಟ್ಟು ಕಳಿಸಿದ್ದಾನೆ! ದೇವರ ಕೋಣೆಯಲ್ಲಿ ಗಾಳಿಯಾಡುವುದಿಲ್ಲ ಎಂದು ಅಲ್ಲಿಗೆ ಹೋಗಿ ದಾರದಲ್ಲಿ ಕಟ್ಟಿ ತೂಗಿಬಿಟ್ಟ. ಅದು ಮೆಲ್ಲಗೆ ತಿರುಗಿ ಒಂದು ಮಗ್ಗುಲನ್ನು ಉತ್ತರಕ್ಕೆ ಮಾಡಿ ನಿಂತಿತು. ಅದೇ ತಲೆ ಎಂದು ಅಲ್ಲಿಗೆ ಕುಂಕುಮ ಹಚ್ಚಿದ. ಹಳೆಯದೆರಡು, ಹೊಸದೆರಡು, ನಾಲ್ಕಕ್ಕೂ ಹಚ್ಚಿದ.

ಶಿರಾಲಿಯ ಸ್ಟೇಜು ಪೂರ್ವಕ್ಕೆ ಮುಖ. ಮಗಳು ಅಲ್ಲಿ ಗಿಟಾರು ಹಿಡಿದು ನಿಂತರೆ ಗಿಟಾರಿನ ಕುತ್ತಿಗೆ ಎಡಕ್ಕೆ, ಅಂದರೆ ಉತ್ತರಕ್ಕೆ. ಲೆಕ್ಕ ಹಾಕಿ ನೋಡಿದರೆ ಕುತ್ತಿಗೆ ಕಡೆಯ ಹಳೆಯ ಅಯಸ್ಕಾಂತ ದಕ್ಷಿಣಕ್ಕೆ ತಲೆ ಹಾಕಿ ಸುಖವಾಗಿ ಮಲಗಿತ್ತು. ಬುಡದ್ದು? ಬುಡದ್ದು ಸೀದಾ ಉತ್ತರಕ್ಕೆ! ಮಾಬ್ಲ ಇನ್ನೊಮ್ಮೆ ಲೆಕ್ಕ ಹಾಕಿದ, ಉತ್ತರಕ್ಕೇ. ಆ ಗೋವೆಯವ ಯಾಕೆ ಗಿಟಾರು ಮಾರಿದ ಎಂಬುದು ಅವನಿಗೆ ಆ ಕ್ಷಣವೇ ಗೊತ್ತಾಯಿತು.

"ಮಾತು ಕೊಟ್ಟಿದ್ದೀರಿ" ಎಂದಳು ಬಾಗಿಲಲ್ಲಿ ನಿಂತಿದ್ದ ಮಂಗಲಾ.

"ಕೊಟ್ಟಿದ್ದೆ. ಆದರೆ ಇದು ಮಿಕ್ಸಿ ಅಲ್ಲ ಮಾರಾಯ್ತಿ. ಮಗಳ ಹೊಟ್ಟೆ ಮೇಲೆ ಮಲಗೂ ವಸ್ತು. ಅಪ್ಪನ ಕುತ್ತಿಗೆ ನೀನೂ ನೋಡಿದ್ದೆ."

ಮಂಗಲಾ ನೋಡಿದ್ದಳು. ಬಾಗಿಲು ಬಿಟ್ಟು ಒಳಗೆ ಹೋದಳು. ಅವನು ಹೊಸ ಅಯಸ್ಕಾಂತಗಳನ್ನು ಕೂರಿಸುವಾಗ ಬುಡದ್ದನ್ನು ತಿರುಗಿಸಿ ಹಾಕಿದ. ಈಗ ಎರಡೂ ದಕ್ಷಿಣಕ್ಕೆ ತಲೆ ಹಾಕಿ ಮಲಗಿದವು. ಅವನಿಗೂ ನಿದ್ದೆ ಬಂತು.

ಮರುದಿನ ಶ್ರೀಗೌರಿ ಬಾರಿಸಿ ನೋಡಿದಳು. ಗಿಟಾರಿನಲ್ಲೊಂದು ಗುಂಡಿ ಇದೆ: ಮೇಲೆ ಮಾಡಿದರೆ ಒಂದು ಪಿಕಪ್ಪು, ಕೆಳಗೆ ಮಾಡಿದರೆ ಇನ್ನೊಂದು, ನಡುವೆ ನಿಲ್ಲಿಸಿದರೆ ಎರಡೂ ಒಟ್ಟಿಗೆ. ಮೇಲೆ ಮಾಡಿ ಬಾರಿಸಿದಳು, ಜೇನು. ಕೆಳಗೆ ಮಾಡಿ ಬಾರಿಸಿದಳು, ಬೆಲ್ಲ. "ಅಪ್ಪಾ!" ಎಂದು ಅವನ ಕೈ ಹಿಡಿದು ಕುಣಿದಳು. ನಡುವಿನದ್ದು ನೋಡುವಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಕಡೆಯ ಕರೆಂಟಿನ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಗಣಪತಿ ಕಾರ್ಯಕ್ರಮದ ಸಂಜೆ ಪೆಂಡಾಲು ತುಂಬಿತ್ತು. ಮಾಬ್ಲ ಇಸ್ತ್ರಿ ಅಂಗಿ ಹಾಕಿ ಮುಂದಿನ ಕುರ್ಚಿಯಲ್ಲಿ ಕೂತಿದ್ದ. ಪೆಂಡಾಲಿನ ಆಚೆ ಗಣಪತಿ ಎದುರು ಭಟ್ಟರು ಮಂಗಳಾರತಿಗೆ ತಟ್ಟೆ ಸಿದ್ಧ ಮಾಡಿಕೊಂಡು, ವಾಲಗ ಊದುವ ಪಂಚವಾದ್ಯದವರು ಶುರು ಮಾಡಲಿ ಎಂದು ಕಾಯುತ್ತಿದ್ದರು. ಪಂಚವಾದ್ಯದವರು ಚಾ ಕುಡಿಯಲು ಹೋಗಿದ್ದರು. ಶ್ರೀಗೌರಿ ಸ್ಟೇಜಿಗೆ ಬಂದು, ಕಣ್ಣು ಮುಚ್ಚಿ, ಗುಂಡಿಯನ್ನು ನಡುವಿಗೆ ತಂದು ತಂತಿ ಮೀಟಿದಳು.

ಎರಡು ಅಯಸ್ಕಾಂತಗಳು ಸರಿಯಾಗಿ ಎದುರುಬದುರಾಗಿದ್ದರೆ ಎರಡು ಸ್ವರಗಳು ಸೇರಿ ತುಂಬಿಕೊಳ್ಳುತ್ತವೆ. ಒಂದನ್ನು ತಿರುಗಿಸಿದರೆ ಎತ್ತು ಏರಿಗೆ ಕೋಣ ನೀರಿಗೆ. ಒಂದರ ಸ್ವರವನ್ನು ಇನ್ನೊಂದು ತಿಂದು, ಉಳಿಯುವುದು ಬರೀ ಮೂಗಿನ ದನಿ. ಗಿಟಾರಿನಿಂದ "ಪೀಂ" ಎಂದು ವಾಲಗ ಹೊರಟಿತು. ತೆಳ್ಳಗೆ, ಗಡುಸಾಗಿ, ಅಪ್ಪಟ ದೇವಸ್ಥಾನದ ವಾಲಗ.

ಭಟ್ಟರು ತಡಮಾಡಲಿಲ್ಲ. ಗಂಟೆ ಹಿಡಿದು ಆರತಿ ಎತ್ತಿಯೇಬಿಟ್ಟರು. ಪೆಂಡಾಲಿಗೆ ಪೆಂಡಾಲೇ ಎದ್ದು ಕೈ ಮುಗಿಯಿತು. ಗುರುದತ್ತ ಬಾಯಿ ತೆರೆದು ನಿಂತ. ಆರತಿ ನಡುವೆ ವಾಲಗ ನಿಲ್ಲಿಸಲು ಯಾರಿಗೆ ಧೈರ್ಯ? "ನಿಲ್ಲಿಸ್ಬೇಡ, ಬಾರ್ಸು, ಬಾರ್ಸು!" ಎಂದು ಅವನೇ ಕೈ ಸನ್ನೆ ಮಾಡಿದ. ಪಾಪದ ಹುಡುಗಿ ಅಳುತ್ತಾ, ಆರತಿ ತಟ್ಟೆ ಜನರ ನಡುವೆ ತಿರುಗಿ ಬರುವವರೆಗೂ ಬಾರಿಸಿದಳು. ಚಾ ಮುಗಿಸಿ ಓಡಿ ಬಂದ ಪಂಚವಾದ್ಯದವರು, ತಮ್ಮನ್ನು ಬಿಟ್ಟು ಊದುತ್ತಿರುವವರು ಯಾರು ಎಂದು ಡೋಲಿನ ಸಮೇತ ಹುಡುಕಾಡಿದರು.

ಮಾಬ್ಲ ಕೈ ಮುಗಿಯಲಿಲ್ಲ. ಆ ಸ್ವರ ಕೇಳಿದ ಕೂಡಲೇ ಅವನಿಗೆ ತನ್ನ ಕೈಕೆಲಸ ಗೊತ್ತಾಗಿತ್ತು.

ಮನೆಯಲ್ಲಿ ಶ್ರೀಗೌರಿ ಪಿಕಪ್ಪು ಬಿಚ್ಚಿ ಕುಂಕುಮ ನೋಡಿದಳು. "ನನ್ನಾಣೆ ಹಾಕಿದ್ದೆ" ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. "ಈಗ್ಲೇ ತಿರುಗ್ಸಿ ಕೊಡ್ತೆ ಮಗಾ" ಎಂದು ಅವನು ಕೈ ಚಾಚಿದರೆ ಗಿಟಾರನ್ನು ಎದೆಗೆ ಅವಚಿಕೊಂಡಳು. ಏಕೆಂದರೆ ಅಷ್ಟರಲ್ಲಿ ಗುರುದತ್ತನ ಫೋನು ಬಂದಿತ್ತು: "ನಿನ್ನ ಇಡ್ಕಳ್ಳೂದಾ ಬಿಡೂದಾ ನಂಗೇ ತಿಳೀತಿಲ್ಲ. ಆದರೆ ಜನ ಆ ಸ್ವರ ಕೇಳ್ತಿದ್ದಾರೆ. ಹೊನ್ನಾವರದಲ್ಲಿ ಇನ್ನೊಂದ್ಸಲ ನೋಡುವ. ಗಿಟಾರು ಮಾತ್ರ ಯಾರೂ ಮುಟ್ಟೂದು ಬೇಡ."

ಹೊನ್ನಾವರದ ಕಾರ್ಯಕ್ರಮದವರೆಗೆ ಮಗಳು ಅಪ್ಪನ ಹತ್ತಿರ ಮಾತಾಡಲಿಲ್ಲ. ಸ್ಕೂಟಿಯನ್ನು ಮಾತ್ರ ಬೇಕೆಂದೇ ಉತ್ತರಕ್ಕೆ ಮಾಡಿ, ಬೇಕೆಂದೇ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸುತ್ತಿದ್ದಳು. ಮಾಬ್ಲ ಅದನ್ನು ಮುಟ್ಟಲಿಲ್ಲ. ಅವನಿಗೆ ಅದೆಷ್ಟು ಕಷ್ಟವಾಯಿತೆಂದು ಮಂಗಲೆಗೆ ಗೊತ್ತು.

ಬರಬೇಡ ಎಂದು ಯಾರೂ ಹೇಳದಿದ್ದರಿಂದ ಅವನು ಬಸ್ಸು ಹತ್ತಿ ಹೊನ್ನಾವರಕ್ಕೆ ಹೋದ. ಮಗಳ ಮುಖದಲ್ಲಿ ನಗು ನೋಡಿ ಬಂದರೆ ಸಾಕು ಎಂಬುದಷ್ಟೇ ಅವನ ಆಸೆ. ಮೈದಾನಕ್ಕೆ ಕಾಲಿಟ್ಟವನು ಸ್ಟೇಜು ನೋಡಿ ಅಲ್ಲೇ ಬೆವೆತುಹೋದ. ಸ್ಟೇಜು ಪಶ್ಚಿಮಕ್ಕೆ ಮುಖ! ಶಿರಾಲಿಯಲ್ಲಿ ದಕ್ಷಿಣವಾದದ್ದು ಇಲ್ಲಿ ಉತ್ತರ. ಮೊದಲಾದರೆ ಒಂದೇ ತಲೆ ಉತ್ತರಕ್ಕಿರುತ್ತಿತ್ತು. ಈಗ ಇವನು ಉಪಕಾರ ಮಾಡಿದ್ದರಿಂದ ಎರಡಕ್ಕೆ ಎರಡೂ ಉತ್ತರಕ್ಕೆ. ಮಾಡಿದ್ದುಣ್ಣೋ ಮಹರಾಯ!

ಸಂಘದ ಬ್ಯಾಡ್ಜು ಹಾಕಿದವನೊಬ್ಬನನ್ನು ಹಿಡಿದು, "ತಮಾ, ಈ ಸ್ಟೇಜು ಸ್ವಲ್ಪ ತಿರುಗಿಸೂಕೆ ಆಗ್ತದ್ಯಾ?" ಎಂದು ಕೇಳಿದ.

"ಎಂತಕ್ಕೆ?"

"ಪೂರ್ವಕ್ಕೆ."

ಬ್ಯಾಡ್ಜಿನವನು ಹತ್ತಿರ ಬಂದು ಅವನ ಬಾಯಿ ಮೂಸಿ ನೋಡಿದ. ವಾಸನೆ ಇಲ್ಲದ್ದು ಕಂಡು ಇನ್ನಷ್ಟು ಹೆದರಿ ದೂರ ಸರಿದ.

ಅಷ್ಟರಲ್ಲಿ ಶ್ರೀಗೌರಿ ಸ್ಟೇಜಿಗೆ ಬಂದಳು. ಹಾಡು ಶುರುವಾಯಿತು. ಅವಳ ಸರದಿ ಬಂದು ಆ ವಾಲಗದ ಸ್ವರ ಎದ್ದದ್ದೇ ಮೈದಾನ ಕೇಕೆ ಹಾಕಿತು. ಜನರಿಗೆಲ್ಲ ಸಂತೋಷ. ಮಾಬ್ಲನ ಕಣ್ಣಿಗೆ ಮಾತ್ರ ಮಗಳ ಕುತ್ತಿಗೆ ಒಂದೇ ಕಾಣುತ್ತಿತ್ತು. ಎಡಕ್ಕೆ ಸ್ವಲ್ಪ ವಾಲಿತೇ? ವಾಲಿತು! ಗಿಟಾರು ಬಾರಿಸುವವರೆಲ್ಲ ಕೈ ನೋಡಲು ಎಡಕ್ಕೇ ಬಗ್ಗುತ್ತಾರೆ ಎಂದು ಅವನಿಗೆ ಯಾರು ಹೇಳಬೇಕು? ಅವನು ಎದ್ದು ಕುರ್ಚಿಗಳ ನಡುವೆ ನುಗ್ಗಿ ಸ್ಟೇಜಿನ ಎದುರಿಗೇ ಹೋಗಿ ನಿಂತ. ಎರಡೂ ಕೈಯೆತ್ತಿ, ತಿರುಗು, ತಿರುಗು ಎಂದು ಸನ್ನೆ ಮಾಡತೊಡಗಿದ. ಹಿಂದಿನವರು ಕೂತ್ಕೊಳ್ಳೋ ಎಂದು ಕೂಗಿದರು. ಯಾರೋ ನೀರಿನ ಬಾಟಲಿ ಎಸೆದರು.

ಶ್ರೀಗೌರಿ ನೋಡಿದಳು. ಇಸ್ತ್ರಿ ಅಂಗಿ ಬೆವರಿಗೆ ಅಂಟಿಕೊಂಡು, ಸಭೆಯ ನಡುವೆ, ಮಾನ ಮರ್ಯಾದೆ ಎಲ್ಲ ಬಿಟ್ಟು ಕೈ ತಿರುಗಿಸುತ್ತಿರುವ ಅಪ್ಪ. ಅವನ ಕಣ್ಣಲ್ಲಿ ನೀರಿತ್ತು. ಅವಳಿಗೆ ಸಿಟ್ಟು ಬಂತು, ನಾಚಿಕೆಯೂ ಬಂತು. ನೋಡದವಳ ಹಾಗೆ ಒಂದು ಸಾಲು ಬಾರಿಸಿದಳು, ಎರಡು ಸಾಲು ಬಾರಿಸಿದಳು. ಅಜ್ಜ ಪಕ್ಕದವರ ಗದ್ದೆ ನೋಡುತ್ತಾ ಹೂಡುತ್ತಿದ್ದ ಕತೆ ಅವಳೂ ಕೇಳಿ ಬೆಳೆದದ್ದೇ. ಆಮೇಲೆ ಮೆಲ್ಲಗೆ, ತಾಳ ತಪ್ಪದೆ, ಇಡೀ ಹೊನ್ನಾವರಕ್ಕೆ ಬೆನ್ನು ಹಾಕಿ ತಿರುಗಿ ನಿಂತಳು.

ಮೈದಾನ ಹುಚ್ಚೆದ್ದು ಹೋಯಿತು. ಸ್ಟೈಲು ಎಂದರೆ ಇದು ಎಂದು ಸಿಳ್ಳೆ ಹೊಡೆದರು. ಅವಳು ಕೊನೆಯ ಹಾಡಿನವರೆಗೂ ಹಿಂದಿನ ಪರದೆ ನೋಡಿಕೊಂಡೇ ಬಾರಿಸಿದಳು. ಮಗಳ ಮುಖ ನೋಡಲು ಬಂದಿದ್ದ ಮಾಬ್ಲ ಅವಳ ಜಡೆಯನ್ನೂ ನೆಟ್ಟಗಿದ್ದ ಕುತ್ತಿಗೆಯನ್ನೂ ನೋಡುತ್ತಾ ಅಂಗಿಯ ತೋಳಲ್ಲಿ ಕಣ್ಣೊರೆಸಿಕೊಂಡ.

ಕಾರ್ಯಕ್ರಮ ಮುಗಿದ ಮೇಲೆ ಗುರುದತ್ತ ಬಂದು, "ಮಾಬ್ಲಣ್ಣ, ನಿಮ್ಮ ಮಗಳು ಇನ್ನು ನಮ್ಮವಳೇ" ಎಂದ. ಶ್ರೀಗೌರಿ ಚೀಲಕ್ಕೆ ಗಿಟಾರು ತುಂಬುತ್ತಿದ್ದಳು. ಅಪ್ಪನ ಕಡೆ ತಿರುಗಿಯೂ ನೋಡದೆ, ಇಷ್ಟು ದಿನ ಬಿಟ್ಟ ಮಾತನ್ನು ಹಿಡಿದಳು.

"ಬರೂ ಶನಿವಾರ ಕುಮಟೆಗೆ. ನೀನು ಮೊದಲೇ ಹೋಗಿ ಸ್ಟೇಜು ಯಾವ ದಿಕ್ಕಿಗೆ ಉಂಟು ಅಂತ ನೋಡ್ಕ ಬಾ."

"ಆತು ಮಗಾ" ಎಂದ ಮಾಬ್ಲ.

ಅವಳು ಚೀಲವನ್ನು ಅವನ ಹೆಗಲಿಗೆ ಹಾಕಿದಳು. ಬಸ್ಸಿನಲ್ಲಿ ಅವನು ಅದನ್ನು ತೊಡೆಯ ಮೇಲೆ, ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿಕೊಂಡ. ಅವಳು ನೋಡಿದಳು, ಚೀಲ ಜಾರದ ಹಾಗೆ ತಾನೂ ಒಂದು ಕೈ ಕೊಟ್ಟಳು.