ತಡೀರಿ ಅಣ್ಣನ ಬೇಡದ ಫೋಟೊಗಳು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿದೆ. ಆದರೆ ಆ ಹೆಸರು ಹಿಡಿದು ಕರೆಯುವವರು ಈಗ ಯಾರೂ ಇಲ್ಲ. ಫೋಟೊಗೆಂದು ಕೂರಿಸಿದವರನ್ನೆಲ್ಲ 'ತಡೀರಿ, ತಡೀರಿ' ಎಂದು ಕಾಯಿಸುವ ಚಾಳಿಯಿಂದಾಗಿ ಬೀದಿಗೆಲ್ಲ ಅವನು ತಡೀರಿ ಅಣ್ಣ. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಸ್ಟುಡಿಯೊ. ಹದಿನೇಳು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದವರಿಗೆ ಮೊದಲು ಕಾಣುವುದು ಗೋಡೆಯ ಕನ್ನಡಿ, ಅದಕ್ಕೆ ದಾರದಲ್ಲಿ ಕಟ್ಟಿದ ಬಾಚಣಿಗೆ, ಒಂದು ಪೌಡರ್ ಡಬ್ಬಿ, ಮೊಳೆಗೆ ನೇತುಹಾಕಿದ ಕಪ್ಪು ಕೋಟು. ಸುತ್ತಲಿನ ನಾಲ್ಕು ಬೀದಿಯ ಗಂಡಸರ ಪಾಸ್‌ಪೋರ್ಟ್ ಫೋಟೊಗಳನ್ನೆಲ್ಲ ಒಟ್ಟು ಹಾಕಿದರೆ ಮುಖ ಬೇರೆ ಬೇರೆ, ಕೋಟು ಒಂದೇ.

ಇನ್ನು ಅವನ 'ತಡೀರಿ'ಯ ಹಿಂದೆ ಒಂದು ಕಳ್ಳಾಟವಿದೆ. ಸ್ಟೂಲಿನ ಮೇಲೆ ಕೂತವರ ಎದುರು ಕ್ಯಾಮೆರಾ ನಿಲ್ಲಿಸಿ, 'ತಡೀರಿ, ಇದಕ್ಕೇನೋ ಆಗಿದೆ' ಎಂದು ಗೊಣಗುತ್ತಾನೆ. ಲೆನ್ಸ್ ಒರೆಸುತ್ತಾನೆ, ದೀಪದ ಕೊಡೆಯನ್ನು ಅತ್ತ ತಿರುಗಿಸಿ ಮತ್ತೆ ಇತ್ತಲೇ ತಿರುಗಿಸುತ್ತಾನೆ, ಕೂತವರ ಕೆಲಸ, ಮಕ್ಕಳು, ಮಂಡಿನೋವು ಎಲ್ಲ ವಿಚಾರಿಸುತ್ತಾನೆ. ಕೂತವರು ಇವನಿಗೆ ಕೆಲಸ ಬರುವುದಿಲ್ಲ ಎಂದು ತೀರ್ಮಾನಿಸಿ ಭುಜ ಇಳಿಬಿಡುತ್ತಾರೆ. ಆದರೆ ಕ್ಯಾಮೆರಾದಿಂದ ಒಂದು ಉದ್ದ ತಂತಿ ಹೊರಟಿರುತ್ತದೆ, ಅದರ ತುದಿಯ ಗುಂಡಿ ಅವನ ಎಡ ಅಂಗೈಯಲ್ಲಿರುತ್ತದೆ. ಯಾರಿಗೂ ತಿಳಿಯದ ಹಾಗೆ ಒಂದು ಫೋಟೊ ಆದ ಮೇಲೆಯೇ ಅವನು 'ಹಾಂ, ಈಗ ರೆಡಿ' ಎನ್ನುವುದು. ಅಲ್ಲಿಗೆ ಕೂತವರ ಬೆನ್ನು ನೆಟ್ಟಗಾಗುತ್ತದೆ, ಗಂಟಲು ಸರಿಯಾಗುತ್ತದೆ, ಮುಖ ಮಾಯವಾಗುತ್ತದೆ.

ಈ ಹುಚ್ಚು ಹಿಡಿದದ್ದು ಅವನು ಸೋದರಮಾವನ ಕೈಕೆಳಗೆ ಕೆಲಸ ಕಲಿಯುತ್ತಿದ್ದಾಗ. 'ಗದ್ದ ಕೆಳಗೆ, ಭುಜ ಮೇಲೆ, ಉಸಿರು ಬಿಡಬೇಡಿ' ಎಂದು ಮಾವ ಗದರಿಸಿ ತೆಗೆದ ಫೋಟೊಗಳಲ್ಲಿ ಎಲ್ಲರದೂ ಇಂಗು ತಿಂದ ಮಂಗನ ಮುಖವೇ. ಒಂದು ದಿನ ಮುಂಗೋಪಿ ಪೋಸ್ಟ್‌ಮ್ಯಾನ್ ಒಬ್ಬರು ಸ್ಟೂಲಿನ ಮೇಲೆ ಕೂತು, ತಲೆಯ ಮೇಲೇ ಇದ್ದ ಕನ್ನಡಕಕ್ಕಾಗಿ ಎಲ್ಲ ಜೇಬನ್ನೂ ತಡಕಾಡಿದರು. ಸಿಕ್ಕಾಗ ತಮ್ಮಷ್ಟಕ್ಕೆ ತಾವೇ ನಗಲು ಹೊರಟರು. ಅಷ್ಟರಲ್ಲಿ ಅಳಿಯನ ಬೆರಳು ಅರಿಯದೆ ಗುಂಡಿ ಒತ್ತಿಬಿಟ್ಟಿತ್ತು. ಫಿಲ್ಮು ದಂಡವಾಯಿತೆಂದು ಮಾವ ಬೈದರು. ಅಳಿಯ ಮಾತ್ರ ಕತ್ತಲೆ ಕೋಣೆಯಲ್ಲಿ ಕಾಗದದ ಮೇಲೆ ಮೆಲ್ಲಗೆ ಮೂಡಿದ ಆ ಮುಖ ನೋಡಿ ದಂಗಾದ. ದಿನವೂ ಮನೆಗೆ ಕಾಗದ ತಂದುಕೊಡುತ್ತಿದ್ದ ಆ ಮನುಷ್ಯನನ್ನು ಅವನು ಸರಿಯಾಗಿ ನೋಡಿದ್ದು ಅವತ್ತೇ. ಒಂದು ಮುಖ ಹೋಗಿ ಇನ್ನೊಂದು ಬರುವ ನಡುವೆ ಒಂದು ಸಂದಿಯಿರುತ್ತದೆ, ಕೋಪ ಇಳಿದು ನಗು ಇನ್ನೂ ತುಟಿಗೆ ಬಂದಿರುವುದಿಲ್ಲ, ಮನುಷ್ಯ ಸಿಗುವುದು ಅಲ್ಲಿ ಎಂದು ಅಂದಿನಿಂದ ಅವನ ನಂಬಿಕೆ.

ನಂಬಿಕೆ ಅವನದು, ಆಯ್ಕೆ ಗಿರಾಕಿಗಳದು. ಪ್ರತಿಯೊಬ್ಬರ ಮುಂದೆಯೂ ಎರಡೂ ಫೋಟೊ ಇಡುತ್ತಿದ್ದ. ಎಲ್ಲರೂ ಸೆಟೆದು ಕೂತದ್ದನ್ನೇ ಎತ್ತಿಕೊಳ್ಳುತ್ತಿದ್ದರು. ಇನ್ನೊಂದನ್ನು ನೋಡಿ 'ಅಯ್ಯೋ, ಇದ್ಯಾವ ಅವತಾರ' ಎಂದು ಪಕ್ಕಕ್ಕೆ ತಳ್ಳುತ್ತಿದ್ದರು. ಹೀಗೆ ಇಪ್ಪತ್ತೆರಡು ವರ್ಷ ನಡೆಯಿತು. ಒಬ್ಬರಾದರೂ, ಒಬ್ಬರೇ ಒಬ್ಬರು, ಆ ಫೋಟೊ ಬೇಕು ಎನ್ನಲಿ ಎಂದು ಅವನ ಜೀವ ಒದ್ದಾಡುತ್ತಿತ್ತು. ಹೊರಗೆ ಮಾತ್ರ ನಗುತ್ತಾ ಅವರು ಆರಿಸಿದ್ದನ್ನೇ ಕವರಿಗೆ ಹಾಕಿಕೊಡುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಹೆಂಡತಿ ಚುಚ್ಚುತ್ತಿದ್ದಳು. ಆದರೂ ಬೇಡವಾದ ಫೋಟೊಗಳಿಗೆಂದು ಕಂಪ್ಯೂಟರಿನಲ್ಲಿ ಬೇರೆ ಜಾಗ ಮಾಡಿಕೊಟ್ಟವಳು ಅವಳೇ. ಅವನಿಗೂ ಕಂಪ್ಯೂಟರಿಗೂ ಎಣ್ಣೆ ಸೀಗೆಕಾಯಿ.

ಹೀಗಿರುವಾಗ ದೊಡ್ಡಾಸ್ಪತ್ರೆಯ ಕೆಲಸ ಬಂತು. ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಇನ್ನೂರ ಹದಿನಾಲ್ಕು ಜನಕ್ಕೆ ಹೊಸ ಐಡಿ ಕಾರ್ಡು. ಆಸ್ಪತ್ರೆಯ ಸ್ಟೋರ್ ರೂಮಿನಲ್ಲಿ ಹಾಸಿಗೆಗಳ ರಾಶಿಯ ಮುಂದೆ ಪರದೆ ಕಟ್ಟಿ ಮೂರು ದಿನ ತೆಗೆದ. ಅಷ್ಟೂ ಜನರದು ಎರಡೆರಡು ಫೋಟೊ. ನಾಲ್ಕನೆಯ ದಿನ ಸ್ಟುಡಿಯೊದಲ್ಲಿ ಕಂಪ್ಯೂಟರಿನ ಮುಂದೆ ಕೂತು ಬೇಡದ ಫೋಟೊಗಳನ್ನು ಒಂದೊಂದಾಗಿ ನೋಡುತ್ತಾ ಮೈಮರೆತಿದ್ದ. ಅಷ್ಟರಲ್ಲಿ ಕೆಳಗೆ ಯಾರೋ ಕರೆದರೆಂದು ಎದ್ದು ಹೋದ. ಕಾರ್ಡು ಅಚ್ಚು ಹಾಕುವವರಿಗೆ ಯಾವುದನ್ನು ಕಳಿಸಲಿ ಎಂದು ಹೆಂಡತಿ ಮೇಲಿನಿಂದ ಕೂಗಿದಳು. ತೆರೆದಿರೋದನ್ನೇ ಕಳಿಸು ಎಂದು ಇವನು ಮೆಟ್ಟಿಲಿಂದಲೇ ಉತ್ತರ ಕೊಟ್ಟ. ಅವಳು ಗಂಡನ ಮಾತನ್ನು ಅಕ್ಷರಶಃ ಪಾಲಿಸಿದಳು. ಮದುವೆಯಾದಾಗಿನಿಂದ ಅದೇ ಮೊದಲಿರಬೇಕು.

ಹತ್ತು ದಿನದ ಮೇಲೆ ಆಸ್ಪತ್ರೆಯ ಆಡಳಿತಾಧಿಕಾರಿ ಫೋನು ಮಾಡಿದರು. ಇದೇನು ಐಡಿ ಕಾರ್ಡೋ ನಾಟಕದ ಪೋಸ್ಟರೋ ಎಂದು ಕೇಳಿದರು. ಒಬ್ಬ ಡಾಕ್ಟರು ಕಿವಿಯಲ್ಲಿ ಬೆರಳಿಟ್ಟುಕೊಂಡಿದ್ದಾರಂತೆ, ಲ್ಯಾಬಿನಾಕೆ ಹಣೆಯ ಮೇಲಿನ ಕೂದಲನ್ನು ಉಫ್ ಎಂದು ಊದುತ್ತಿದ್ದಾರಂತೆ. ಶುಕ್ರವಾರ ಎಲ್ಲರಿಗೂ ಹಂಚಿಯಾಗಿದೆ, ಸೋಮವಾರದೊಳಗೆ ನೀವೇ ಬಂದು ಒಂದೂ ಬಿಡದಂತೆ ವಾಪಸು ಪಡೆದು ಬೇರೆ ಮಾಡಿಸಿಕೊಡಿ, ಇಲ್ಲದಿದ್ದರೆ ಈ ಕಡೆ ತಲೆ ಹಾಕಬೇಡಿ ಎಂದರು. ವಿಷಯ ಕೇಳಿ ಹೆಂಡತಿ ನಾಲಿಗೆ ಕಚ್ಚಿಕೊಂಡಳು. ತಪ್ಪು ನಿನ್ನದಲ್ಲ, ನನ್ನ ಬಾಯಿಯದು ಎಂದು ಅವಳಿಗೆ ಹೇಳಿ, ತಡೀರಿ ಅಣ್ಣ ಒಂದು ಬಟ್ಟೆ ಚೀಲ ಹಿಡಿದು ಹೊರಟ.

ಗೇಟಿನಲ್ಲೇ ಮೊದಲ ಪೆಟ್ಟು. ಸೆಕ್ಯೂರಿಟಿಯಾತನ ಕಾರ್ಡಿನಲ್ಲಿ ಅವನು ಬೆರಳೆತ್ತಿ ಯಾರಿಗೋ ದಾರಿ ಹೇಳುತ್ತಿದ್ದ, ಹುಬ್ಬು ಹಣೆಯ ಅರ್ಧಕ್ಕೆ ಏರಿತ್ತು. ಕೊಡಪ್ಪ ಎಂದರೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಹಳೇ ಕಾರ್ಡಲ್ಲಿ ನಾನು ಕಳ್ಳನ ಥರ ಇದ್ದೆ ಅಣ್ಣ. ಅದನ್ನ ಹಾಕ್ಕೊಂಡು ಬಂದ್ರೆ ನನ್ನನ್ನ ನಾನೇ ಒಳಗೆ ಬಿಡಲ್ಲ."

ಆಂಬುಲೆನ್ಸ್ ಡ್ರೈವರು ಜಪ್ಪಯ್ಯ ಅಂದರೂ ಕೊಡಲಿಲ್ಲ. ಕೂದಲು ಊದುತ್ತಿದ್ದ ಲ್ಯಾಬಿನಾಕೆ, ತನ್ನ ಬದುಕಿನಲ್ಲಿ ಕಣ್ಣು ಮುಚ್ಚದೆ ಬಂದ ಫೋಟೊ ಇದೊಂದೇ ಎಂದು ಕಾರ್ಡನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. ಅಡುಗೆಮನೆಯ ಇಬ್ಬರು ಹೆಂಗಸರು ತಮ್ಮ ತಮ್ಮ ಕಾರ್ಡು ಹೋಲಿಸಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು, ಇವನನ್ನು ಕಂಡದ್ದೇ ಕೂರಿಸಿ ಚಹಾ ಕೊಟ್ಟರು. ಎರಡು ಮಹಡಿ ಸುತ್ತುವಷ್ಟರಲ್ಲಿ ಚೀಲಕ್ಕೆ ಬಿದ್ದದ್ದು ಐದು ಕಾರ್ಡು. ಅದರಲ್ಲಿ ಒಂದು ಕಿವಿಯಲ್ಲಿ ಬೆರಳಿಟ್ಟ ಡಾಕ್ಟರದು, ಅವರು ಕೊಟ್ಟದ್ದು ನ್ಯಾಯವೇ.

ಕೆಲಸ ಹೋಗುವ ಭಯದಲ್ಲಿ ಬಂದವನು ಭಯವನ್ನೇ ಮರೆತ. ಕಾರಿಡಾರಿನ ತುಂಬ ಅವನ ಫೋಟೊಗಳು ಓಡಾಡುತ್ತಿದ್ದವು. ಯಾರಿಗೂ ಬೇಡದ ಮುಖಗಳು ಟ್ರಾಲಿ ತಳ್ಳುತ್ತಿದ್ದವು, ಔಷಧಿ ಚೀಟಿ ಓದುತ್ತಿದ್ದವು, ಲಿಫ್ಟಿಗೆ ಕಾಯುತ್ತಿದ್ದವು. ಹಾಸಿಗೆಯಲ್ಲಿದ್ದ ಒಬ್ಬ ಮುದುಕರು ನರ್ಸಿನ ಕೊರಳ ಕಾರ್ಡು ನೋಡಿ, ಅವಳ ಮುಖ ನೋಡಿ, ಹೌದು ನೀನೇ ಎಂದು ತಲೆಯಾಡಿಸಿದರು. ತಡೀರಿ ಅಣ್ಣನಿಗೆ ಕಣ್ಣು ತುಂಬಿ ಬಂತು. ಗೋಡೆಗೆ ತಿರುಗಿ ಮೂಗು ಒರೆಸಿಕೊಂಡ.

ಮೂರನೆಯ ಮಹಡಿಯಲ್ಲಿ ಹೆಡ್ ಸಿಸ್ಟರ್ ಇದ್ದರು. ಐವತ್ತು ದಾಟಿದವರು, ಅವರ ಚಪ್ಪಲಿ ಸದ್ದಿಗೆ ವಾರ್ಡೆಲ್ಲ ಗಪ್‌ಚಿಪ್. ಇನ್ನೂರ ಹದಿನಾಲ್ಕರಲ್ಲಿ ತಡೀರಿ ಅಣ್ಣನಿಗೆ ಎಲ್ಲಕ್ಕಿಂತ ಇಷ್ಟವಾದ ಫೋಟೊ ಅವರದೇ. ಅವರಿಗಿಂತ ಮೊದಲು ಕೂತಿದ್ದ ಗುಮಾಸ್ತರು ಏಳುವಾಗ ಹಾಸಿಗೆ ರಾಶಿಯ ಮೇಲೆ ದೊಪ್ಪನೆ ಬಿದ್ದಿದ್ದರು. ಅದನ್ನು ನೆನೆದು ಸಿಸ್ಟರ್ ಸ್ಟೂಲಿನ ಮೇಲೆ ಕೂತೇ ನಕ್ಕುಬಿಟ್ಟಿದ್ದರು, ಬಾಯಿ ತುಂಬ. ಬಾಯಿ ಮುಚ್ಚಲು ಕೈ ಏಳುತ್ತಿತ್ತು, ಇನ್ನೂ ಎದೆಯ ಹತ್ತಿರವಿತ್ತು. ಅಷ್ಟರಲ್ಲಿ ಇವನು ಗುಂಡಿ ಒತ್ತಿದ್ದ.

ಅವರ ಕೊರಳಿನಲ್ಲಿ ಕಾರ್ಡಿರಲಿಲ್ಲ. ಮೇಜಿನ ಡ್ರಾಯರಿನಿಂದ ತೆಗೆದು, ಬೋರಲು ಹಾಕಿ ಇವನ ಮುಂದೆ ಸರಿಸಿದರು. ದನಿ ಏರಿಸಲಿಲ್ಲ.

"ಎಲ್ಲರೂ ಚೆನ್ನಾಗಿದೆ ಅಂದ್ರು. ಇರಬಹುದು. ಆದ್ರೆ ಹಲ್ಲಿನ ಮೇಲೆ ಹಲ್ಲಿದೆ ಅಂತ ನಾನು ಹದಿಮೂರನೇ ವಯಸ್ಸಿಂದ ಬಾಯಿಗೆ ಕೈ ಅಡ್ಡ ಇಟ್ಕೊಂಡು ಬಂದಿದ್ದೀನಿ. ನೀವು ನನ್ನನ್ನ ಒಂದು ಮಾತು ಕೇಳಬೇಕಿತ್ತು."

ತಡೀರಿ ಅಣ್ಣ ತಪ್ಪಾಯ್ತು ಸಿಸ್ಟರ್ ಎಂದಷ್ಟೇ ಹೇಳಿ ಕಾರ್ಡು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದ. ಬರುವಾಗ ಕಣ್ಣು ತುಂಬಿಸಿದ್ದ ಅದೇ ಕಾರಿಡಾರು ಹೋಗುವಾಗ ಚುಚ್ಚುತ್ತಿತ್ತು. ಎದುರಾದ ಪ್ರತಿ ಕಾರ್ಡೂ ಇವರನ್ನು ಕೇಳಿದ್ದೆಯಾ, ಇವರನ್ನು ಕೇಳಿದ್ದೆಯಾ ಎನ್ನುವಂತಿತ್ತು. ಯಾರನ್ನೂ ಕೇಳಿರಲಿಲ್ಲ. ಸೆಟೆದ ಮುಖ ಎಂದು ಇಷ್ಟು ವರ್ಷ ಆಡಿಕೊಂಡನಲ್ಲ, ಅದು ಅವರು ತಾವಾಗಿ ಕೊಟ್ಟ ಮುಖ. ಇನ್ನೊಂದನ್ನು ಇವನು ಕಿತ್ತುಕೊಂಡಿದ್ದ. ಅವನಿಗೆ ನಾಚಿಕೆಯಾಯಿತು, ಬರೀ ನಾಚಿಕೆ.

ಸಂಜೆ ಹೆಂಡತಿಗೆ ಎಲ್ಲ ಹೇಳಿ, ಆ ಒಂದು ಫೋಟೊ ಅಳಿಸು ಎಂದ. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿದಳು. ಇಷ್ಟು ದಿನ ನಿಮ್ಮನ್ನ ರೇಗಿಸ್ತಿದ್ದೆ, ಇದನ್ನ ಅಳಿಸೋಕೆ ನನಗೇ ಮನಸ್ಸು ಬರ್ತಿಲ್ಲ ಎಂದಳು. ಅಳಿಸು ಎಂದ ಮತ್ತೆ. ನಿಜವಾಗಿಯೂ ಅಳಿಸಬೇಕೇ ಎಂದು ಕಂಪ್ಯೂಟರು ಕೂಡ ಕೇಳಿತು. ಒಂದು ಯಂತ್ರಕ್ಕಿರುವ ಮರ್ಯಾದೆ ತನಗಿಲ್ಲದೆ ಹೋಯಿತಲ್ಲ ಎಂದುಕೊಂಡು ಅವನೇ ಗುಂಡಿ ಒತ್ತಿದ. ಚೀಲದಲ್ಲಿದ್ದ ಅವರ ಕಾರ್ಡನ್ನೂ ಕತ್ತರಿಯಲ್ಲಿ ಚೂರು ಮಾಡಿದ, ಅಚ್ಚಿನವರಿಗೂ ಫೋನು ಮಾಡಿ ಅಳಿಸಲು ಹೇಳಿದ.

ಆಸ್ಪತ್ರೆಯ ಗಲಾಟೆ ಹೂವೆತ್ತಿದಂತೆ ಮುಗಿಯಿತು. ಪ್ಲಾಸ್ಟಿಕ್ ಕವರಿಗೆ ಎರಡು ಮಗ್ಗುಲಿದೆ, ಮುಂದೆ ನಿಯಮದ ಫೋಟೊ ಇರಲಿ, ಹಿಂದೆ ಇದು ಇರಲಿ ಎಂದು ಸೆಕ್ಯೂರಿಟಿಯಾತ ಉಪಾಯ ಹೇಳಿದ. ಅಧಿಕಾರಿ ಒಪ್ಪಿಕೊಂಡರು. ಬೋಳುತಲೆಗೆ ಬಾಚಣಿಗೆ ಆಡಿಸುತ್ತಿದ್ದ ಫೋಟೊವಿದ್ದ ಅವರ ಸ್ವಂತ ಕಾರ್ಡು ಕೂಡ ಚೀಲಕ್ಕೆ ಬಿದ್ದಿರಲಿಲ್ಲ. ತಡೀರಿ ಅಣ್ಣ ಒಬ್ಬೊಬ್ಬರ ಬಳಿಗೂ ಹೋಗಿ, ಹಿಂದಿನ ಮಗ್ಗುಲಿಗೆ ಇದು ಇರಬಹುದೇ ಎಂದು ಕೇಳಿದ. ಇದೇನು ಹೊಸ ಶಿಷ್ಟಾಚಾರ ಎಂದು ಜನ ನಕ್ಕರು.

ಆದರೆ ಸ್ಟುಡಿಯೊದಲ್ಲಿ ಅವನ ಎಡಗೈ ಸತ್ತುಹೋಗಿತ್ತು. ತಂತಿಯನ್ನು ಬಿಚ್ಚಿ ಸುತ್ತಿಟ್ಟ. ಬಂದವರನ್ನು ಕೂರಿಸುತ್ತಿದ್ದ, ರೆಡಿ ಎನ್ನುತ್ತಿದ್ದ, ಒಂದೇ ಒಂದು ತೆಗೆದು ಕಳಿಸುತ್ತಿದ್ದ. ಇನ್ನು ಮುಂದೆ ಹೀಗೇ ಎಂದು ಹೆಂಡತಿಗೆ ಹೇಳಿಯೂ ಆಗಿತ್ತು. ಗಂಡನ ಮುಖವೇ ಪಾಸ್‌ಪೋರ್ಟ್ ಫೋಟೊದಂತಾಯಿತಲ್ಲ ಎಂದು ಅವಳಿಗೆ ಚಿಂತೆ.

ಒಂದು ಮಧ್ಯಾಹ್ನ ಹೆಡ್ ಸಿಸ್ಟರ್ ಮೆಟ್ಟಿಲು ಹತ್ತಿ ಬಂದರು. ತಡೀರಿ ಅಣ್ಣ ಎದ್ದು ನಿಂತ. ಕಾರ್ಡಿಗೆ ಹೊಸ ಫೋಟೊ ಬೇಕೇನೋ ಎಂದು ಸ್ಟೂಲು ಒರೆಸಿದ. ಅವರು ಕೂತರು. ಅವನು ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಕಾಣುವಂತೆ ಹಿಡಿದು, ಇದು ಈಗಲೇ ರೆಡಿ ಇದೆ ಸಿಸ್ಟರ್, ನೀವು ಹೇಳಿದ ಮೇಲೇ ತೆಗೆಯೋದು ಎಂದು ಮೊದಲೇ ತಿಳಿಸಿದ. ಅವರು ಆ ಹಳೆಯ ಫೋಟೊ ಇದೆಯೇ ಎಂದು ಕೇಳಿದರು.

ಅಳಿಸಿಬಿಟ್ಟೆ, ಕಾರ್ಡೂ ಚೂರಾಯಿತು ಎಂದ. ಅವರ ಮುಖ ಇಳಿಯಿತು. ಇಲ್ಲವೆಂದರೂ ಫೋಟೊದವರು ಎಲ್ಲಾದರೂ ಒಂದು ಇಟ್ಟುಕೊಂಡಿರುತ್ತಾರೆ ಎಂದು ನಂಬಿ ಬಂದಿದ್ದರಂತೆ. ನಿಜವಾಗ್ಲೂನಾ ಎಂದು ಕಂಪ್ಯೂಟರಿನ ಮುಂದಿದ್ದ ಹೆಂಡತಿಯ ಕಡೆ ನೋಡಿದರು. ಅವಳು ಹೌದೆಂದಳು. ಆಮೇಲೆ ಅವರು ಮೆಲ್ಲಗೆ ವಿಷಯಕ್ಕೆ ಬಂದರು. ಕಾರ್ಡು ವಾಪಸು ಕೊಟ್ಟೆ ಎಂದಾಗ ಮಗಳು ಜಗಳವಾಡಿದಳಂತೆ. ಅದು ಅಜ್ಜಿಯ ನಗು ಅಂತ ಮನೆಯವರೆಲ್ಲ ಅಂದರು, ನನಗೆ ಅಜ್ಜಿಯ ನಗು ನೆನಪೇ ಇಲ್ಲ, ಇದ್ದ ಒಂದನ್ನೂ ಕೊಟ್ಟುಬಂದೆಯಾ ಎಂದಳಂತೆ.

"ನಮ್ಮಮ್ಮಂದೂ ಇದೇ ಹಲ್ಲು. ಅವಳೂ ಹೀಗೇ ಕೈ ಅಡ್ಡ ಹಿಡೀತಿದ್ಲು. ಅವಳು ನಗ್ತಿರೋ ಫೋಟೊ ನಮ್ಮನೇಲಿ ಒಂದೂ ಇಲ್ಲ. ಒಂದ್ಸಲ ಹಿಟ್ಟು ಕಲೆಸ್ತಾ ಕೂತಿದ್ಲು, ಅಪ್ಪ ಏನೋ ಅಂದ್ರು. ನಗು ತಡೆಯೋಕಾಗದೆ ಆ ಕೈನೇ ಬಾಯಿಗೆ ಹಿಡಿದ್ಲು ನೋಡಿ, ಮೂಗು, ಗಲ್ಲ, ಒಂದು ಬಿಳಿ ಮೀಸೆ ಬೇರೆ..."

ಮಾತು ಮುಗಿಸಲು ಅವರಿಗೆ ಆಗಲಿಲ್ಲ. ನಗು ಬಂದುಬಿಟ್ಟಿತ್ತು. ಅಭ್ಯಾಸದ ಕೈ ಮೇಲೆದ್ದಿತು, ಎದೆಯ ಹತ್ತಿರ ಬಂತು, ಅಲ್ಲಿ ನಿಂತಿತು. ಅವರು ತಮ್ಮ ಕೈಯನ್ನೇ ಒಮ್ಮೆ ನೋಡಿಕೊಂಡು ತೊಡೆಯ ಮೇಲೆ ಇಳಿಸಿದರು. ಕಿಟಕಿಯ ಬೆಳಕು ನೇರ ಅವರ ಮುಖದ ಮೇಲಿತ್ತು. ಇಪ್ಪತ್ತೆರಡು ವರ್ಷದಲ್ಲಿ ತಡೀರಿ ಅಣ್ಣನಿಗೆ ಇಂಥದ್ದೊಂದು ಮುಖ ಕಂಡಿರಲಿಲ್ಲ. ಬೆರಳು ಗುಂಡಿಯ ಮೇಲೇ ಇತ್ತು. ಅವನು ಒತ್ತಲಿಲ್ಲ. ಅವರ ನಗು ಇನ್ನೇನು ಮುಗಿಯುತ್ತದೆ ಎಂದು ಗೊತ್ತಿದ್ದೂ ಒತ್ತಲಿಲ್ಲ.

"ಯಾಕೆ ಸುಮ್ನೆ ನಿಂತ್ರಿ?" ಎಂದರು ಸಿಸ್ಟರ್, ನಗುತ್ತಲೇ, ಅವನನ್ನು ನೇರ ನೋಡುತ್ತಾ. "ತೆಗೀರಿ."

ಅವನು ಒತ್ತಿದ, ಫೋಟೊ ಒಂಚೂರು ಅಲುಗಿದೆ. ಇನ್ನೊಂದು ತೆಗೆಯಲೇ ಎಂದರೆ ಅವರು ಬೇಡವೆಂದರು. ಅದರದೇ ಎರಡು ಪ್ರತಿ ಕೇಳಿದರು, ಒಂದು ಮಗಳಿಗೆ, ಒಂದು ಕೊರಳಿಗೆ.